ಮೊದಲು ಬಂದವರು ಮೊದಲು

ಗ್ಯಾಬೊರೋನ್, ಬೋಟ್ಸ್ವಾನಾ
14 ಜೂನ್ 1997

ಪ್ರೀತಿಯ ಅತ್ತೆಯವರಿಗೆ ಗಿರಿಜೆಯ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ಇಲ್ಲಿ ಈಗ ಚಳಿಗಾಲ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಸಕ್ಕರೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮ ಮಗ ಚೊಂಬಿನಲ್ಲಿ ನೀರು ತಂದು ಸುರಿದು, ಉಜ್ಜಿ, ವಿಭೂತಿ ಹಚ್ಚಿದ ಹಣೆಯ ಮೇಲೆ ಉಣ್ಣೆಯ ಟೋಪಿ ಎಳೆದುಕೊಂಡು ಹೊರಡುತ್ತಾರೆ. ತಿಂಗಳಿಗೆ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಕಲಹರಿ ಮರಳುಗಾಡಿನ ಕಡೆ ಬೋರ್‌ವೆಲ್ ಕೊರೆಸುವ ಕ್ಯಾಂಪು. ಈ ದೇಶದಲ್ಲಿ ಮಳೆಗೂ ದುಡ್ಡಿಗೂ ಒಂದೇ ಹೆಸರು, ‘ಪುಲಾ’. ನೀರು ಸಿಕ್ಕ ದಿನ ಇವರನ್ನು ಊರವರು ಮದುವಣಿಗನ ಹಾಗೆ ನೋಡಿಕೊಳ್ಳುತ್ತಾರಂತೆ.

ಪಕ್ಕದ ಮನೆಯಾಕೆ ನರ್ಸ್. ಇಲ್ಲಿ ಹೆಂಗಸರನ್ನು ಹಿರಿಯ ಮಗುವಿನ ಹೆಸರು ಹಿಡಿದು, ಮುಂದೆ ಗೌರವಕ್ಕೆ ‘ಮ್ಮಾ’ ಸೇರಿಸಿ ಕರೆಯುತ್ತಾರೆ. ಅವಳ ಮಗಳು ಲೆಸೆಗೊ, ಆದ್ದರಿಂದ ಅವಳು ಮ್ಮಾ-ಲೆಸೆಗೊ. ನಾನು ಮ್ಮಾ-ಅಕ್ಷತಾ. ನಿಮ್ಮ ಮೊಮ್ಮಗಳಿಗೆ ಹೇಳಿ, ಅವಳ ಹೆಸರು ಇಲ್ಲಿ ದಿನಕ್ಕೆ ಎಷ್ಟೋ ಸಲ ಕೇಳಿಸುತ್ತದೆ. ಮೊನ್ನೆ ಅವರ ಮನೆಯಲ್ಲಿ ಕಬ್ಬಿಣದ ಮಡಕೆಯಲ್ಲಿ ಜೋಳದ ಹಿಟ್ಟು ತೊಳಸುತ್ತಿದ್ದರು. ನಾನು ಕೋಲು ತೆಗೆದುಕೊಂಡು ನೀವು ಕಲಿಸಿದ ಹಾಗೆ ಗಂಟಿಲ್ಲದೆ ತೊಳಸಿ ಕೊಟ್ಟೆ.

“ನಿಮ್ಮೂರಲ್ಲೂ ಇದು ಇದೆಯಾ?” ಅಂದಳು.

“ಇದೆ, ರಾಗಿಯದು. ಉಂಡೆ ಕಟ್ಟಿ ನುಂಗುತ್ತೇವೆ.”

“ಅಗಿಯುವುದಿಲ್ಲವಾ?”

“ಇಲ್ಲ.”

ಮನೆಯವರನ್ನೆಲ್ಲ ಕರೆದು ನನ್ನ ಬಾಯಲ್ಲಿ ಅದನ್ನು ಇನ್ನೊಂದು ಸಲ ಹೇಳಿಸಿದಳು.

ಈಗ ವಿಷಯಕ್ಕೆ ಬರುತ್ತೇನೆ. ಈ ಕಾಗದವನ್ನು ಬರೆದು ಹರಿದು ಬರೆಯುತ್ತಿದ್ದೇನೆ. ಊರಿನಿಂದ ನಲವತ್ತು ಕಿಲೋಮೀಟರ್ ಆಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತಕ್ಕೆ ಟೀಚರ್ ಇಲ್ಲ. ಮ್ಮಾ-ಲೆಸೆಗೊಳ ಅಣ್ಣ ಅಲ್ಲಿ ಹೆಡ್‌ಮಾಸ್ಟರ್. ನನ್ನ ಬಿ.ಎಸ್ಸಿ., ಬಿ.ಎಡ್. ಸರ್ಟಿಫಿಕೇಟುಗಳನ್ನು ಕಳಿಸಿದ್ದೆ. ಜನವರಿಯಿಂದ ತೆಗೆದುಕೊಳ್ಳುತ್ತಾರಂತೆ, ಆದರೆ ಒಂದು ಷರತ್ತು. ಅಲ್ಲಿಗೆ ಬೆಳಗಿನ ಬಸ್ಸಿಲ್ಲ. ಶಾಲೆ ಏಳಕ್ಕೇ ಶುರು. ಸ್ವಂತ ಕಾರಿನಲ್ಲಿ ಬರುವುದಾದರೆ ಮಾತ್ರ ಕೆಲಸ. ಡಿಸೆಂಬರಿನೊಳಗೆ ಲೈಸೆನ್ಸ್ ತೋರಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ನಾನು ಕಲಿಯಲು ಶುರು ಮಾಡಿದ್ದೇನೆ.

ಇಪ್ಪತ್ತು ವರ್ಷದ ಹಿಂದೆ ನಂಜನಗೂಡಿನ ಶಾಲೆಯಿಂದ ನನಗೆ ಕೆಲಸದ ಆರ್ಡರ್ ಬಂದಿತ್ತು, ದೂರವೆಂದು ಹೋಗುವುದು ಬೇಡವಾಯಿತು. ನಿಮಗೆ ನೆನಪಿದೆಯೋ ಇಲ್ಲವೋ. ಅದನ್ನು ಈಗ ಎತ್ತಿ ಆಡುವುದಕ್ಕೆ ಬರೆದದ್ದಲ್ಲ. ಈ ಸಲ ನಿಮಗೆ ಮೊದಲೇ ತಿಳಿಸಬೇಕು ಅನ್ನಿಸಿತು, ಅಷ್ಟೇ.

ನಿಮ್ಮ ಆಶೀರ್ವಾದ ಬೇಡುವ,
ಗಿರಿಜಾ

*

ವಿದ್ಯಾರಣ್ಯಪುರಂ, ಮೈಸೂರು
9 ಜುಲೈ 1997

ಅಮ್ಮಾ, ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಗಾಬರಿಯಾಗಬೇಡ, ಚೆನ್ನಾಗಿ ಆಗಿದೆ. ಸದ್ಯಕ್ಕೆ ಓದಬಾರದು, ಬರೆಯಬಾರದು ಅಂದಿದ್ದಾರೆ. ಅಜ್ಜಿ ಹೇಳುವುದನ್ನು ನಾನು ಬರೆಯುತ್ತಿದ್ದೇನೆ. ಅಪ್ಪಣೆಯಾಗಿದೆ: “ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ಬುಡ್ಬೇಡ.”

ಗಿರಿಜಾ, ನಿನ್ ಕಾಗ್ದ ಬಂತು. ಎಲ್ರೂ ಸೌಖ್ಯ. ನಿನ್ ಮೈದುನ ರುದ್ರು ದಿನಾ ಕಡಕೊಳದ ಫ್ಯಾಕ್ಟ್ರಿಗೆ ಸ್ಕೂಟ್ರಲ್ಲೇ ಹೋಗ್ತಾನೆ. ನಂಜನಗೂಡು ರಸ್ತೇಲಿ ಆ ಲಾರಿಗಳ ಮಧ್ಯೆ ಹೋಗಿ ಮನೆ ಸೇರೋವರ್ಗೂ ನಂಗೆ ಜೀವ ಕೈಲಿರತ್ತೆ. ಗಂಡ್ಸು, ಕಲ್ತೋನು, ಅವನ ಕಥೇನೇ ಇದು. ನೀನು ನಲವತ್ನಾಕಕ್ಕೆ ಕಾರ್ ಕಲೀತೀನಿ ಅಂತ ಬರ್ದಿದೀಯಲ್ಲ, ಏನ್ ಕಣಮ್ಮ ಇದು? ಆ ಸ್ಕೂಲಿಂದ ನಿಂಗೇನಾಗ್ಬೇಕು? ಮರಳಲ್ಲಿ ಒಣಗಿ ಬರೋ ಗಂಡನಿಗೆ ಬಿಸಿ ಊಟ ಬಡ್ಸೋರ್ಯಾರು? ಇಲ್ಲಿದ್ದಾಗ ಸಿದ್ದು ಒಂದು ಲೋಟ ನೀರು ತಾನೇ ತಗೊಂಡ್ ಕುಡ್ದೋನಲ್ಲ. ನಂಗೇನೋ ಇದು ಸರಿ ಕಾಣಲ್ಲ. ಆಮೇಲೆ ನಿನ್ ಇಷ್ಟ. ದೂರ್ದಲ್ಲಿರೋರಿಗೆ ನಾನೇನ್ ಹೇಳೋದು.

ಮೆಂತ್ಯದಿಟ್ಟು, ಸಾರಿನ ಪುಡಿ ಯಾರಾದ್ರೂ ಬರೋರಿದ್ರೆ ಹೇಳು, ಕಳಿಸ್ತೀನಿ.

ನಿಮ್ಮಿಬ್ಬರ ಒಳ್ಳೇದನ್ನೇ ಬಯಸೋ,
ಪಾರ್ವತಮ್ಮ

ಇದು ನನ್ನದು, ಅಜ್ಜಿಯದಲ್ಲ. ನಿನ್ನ ಕಾಗದದ ಕೊನೆಯ ಭಾಗವನ್ನು ಅಜ್ಜಿ ನನ್ನ ಕೈಲಿ ಮತ್ತೆ ಓದಿಸಿದರು. ಅಮ್ಮಾ, ನಂಜನಗೂಡಿನ ಶಾಲೆ ಯಾವುದು? ನನಗೆ ಯಾಕೆ ಯಾರೂ ಹೇಳಿಲ್ಲ? ಲೈಸೆನ್ಸ್ ತಗೋ ನೀನು.
ಅಕ್ಷತಾ

*

ಗ್ಯಾಬೊರೋನ್
20 ಆಗಸ್ಟ್ 1997

ಪ್ರೀತಿಯ ಅತ್ತೆಯವರಿಗೆ ನಮಸ್ಕಾರ.

ಕಣ್ಣಿನ ವಿಷಯ ತಿಳಿದು ಸಮಾಧಾನವಾಯಿತು. ಹೊಗೆಯ ಹತ್ತಿರ ಹೋಗಬೇಡಿ. ಪೂಜೆಗೆ ಕೂತಾಗಲೂ ಕರ್ಪೂರವನ್ನು ದೂರ ಇಡಿ.

ಬಿಸಿ ಊಟದ ಬಗ್ಗೆ ಬರೆದಿದ್ದಿರಿ. ಹೋದ ವಾರ ನಾನು ಇವರ ಜೊತೆ ಕ್ಯಾಂಪಿಗೆ ಹೋಗಿದ್ದೆ. ದಿನವಿಡೀ ಪ್ರಯಾಣ. ಎರಡೂ ಕಡೆ ಮುಳ್ಳಿನ ಪೊದೆ, ಒಣಹುಲ್ಲು, ಆಗಾಗ ಯಾರೂ ಇಲ್ಲದ ದಾರಿಯಲ್ಲಿ ತಮ್ಮ ಪಾಡಿಗೆ ನಿಂತ ಕತ್ತೆಗಳು. ಸಂಜೆ ಟೆಂಟಿನ ಮುಂದೆ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ನಿಮ್ಮ ಮಗ ಒಲೆ ಹಚ್ಚಿದರು. ಈರುಳ್ಳಿ ಹೆಚ್ಚಿದರು. ಒಗ್ಗರಣೆಗೆ ಕರಿಬೇವು ಇಲ್ಲವೆಂದು ಬೇಸರಪಟ್ಟು ಉಪ್ಪಿಟ್ಟು ಮಾಡಿದರು. ಉದುರುದುರಾಗಿ, ನನಗಿಂತ ಚೆನ್ನಾಗಿ.

“ಎಲ್ಲಿ ಕಲಿತಿರಿ?” ಅಂದೆ.

“ಹಸಿವಾದ್ರೆ ಬರತ್ತೆ ಕಣೇ” ಅಂದರು.

“ಮೈಸೂರಲ್ಲಿ ಹಸಿವಾಗ್ತಿರ್ಲಿಲ್ವಾ?”

“ಅಲ್ಲಿ ನೀವಿಬ್ಬರೂ ಹಸಿಯಕ್ಕೆ ಎಲ್ಲಿ ಬಿಟ್ರಿ?”

ಇಷ್ಟು ವರ್ಷದ ಮದುವೆಯಲ್ಲಿ ನನಗೂ ಗೊತ್ತಿರಲಿಲ್ಲ, ಅತ್ತೆ. ಮಾರನೆಯ ದಿನ ನೀರು ಬಂತು. ಮೊದಲು ಕೆಸರು, ಆಮೇಲೆ ಬಿಳಿಯ ನೊರೆ, ಆಮೇಲೆ ಕಂಬದ ಹಾಗೆ ಎದ್ದ ನೀರು. ಹೆಂಗಸರೆಲ್ಲ ಸಂತೋಷಕ್ಕೆ, ಇಲ್ಲಿಯ ರೂಢಿಯಂತೆ, ನಾಲಿಗೆ ಹೊರಳಿಸಿ ಕೂಗಿದರು. ನಿಮ್ಮ ಮಗ ನೆನೆದು ನಿಂತು ನಗುತ್ತಿದ್ದರು. ಇವರು ಹಾಗೆ ನಗುವುದನ್ನು ನಾನು ನೋಡಿ ಬಹಳ ದಿನವಾಗಿತ್ತು. ಇವರಿಗೆ ತಮ್ಮ ಕೆಲಸ ಇಷ್ಟ. ಅದನ್ನು ನೋಡುತ್ತ ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹೊಟ್ಟೆಕಿಚ್ಚು ಎಂದು ಬರೆದದ್ದು ಸರಿಯೋ ತಪ್ಪೋ ತಿಳಿಯದು. ಬೇರೆ ಮಾತು ಸಿಗಲಿಲ್ಲ.

ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ಬಿಡುವುದು ಚೆನ್ನಾಗಿಯೇ ಆಯಿತು. ರಸ್ತೆಗೆ ಇಳಿದ ಮೇಲೆ ಕೆಟ್ಟಿತು. ತಿರುವು ಬಂದರೆ ಹಾರ್ನ್ ಒತ್ತಿದೆ, ಸೈಕಲ್ಲಿನವನು ಕಂಡರೆ ಒತ್ತಿದೆ, ಕತ್ತೆಗಾಡಿ ದಾಟುವಾಗ ಎರಡು ಸಲ ಒತ್ತಿದೆ. ಯೂನಿಫಾರಂ ತೊಟ್ಟ ಪರೀಕ್ಷಕರು ಸ್ವಲ್ಪ ಹೊತ್ತು ನೋಡಿ, ಬಹಳ ಮೆಲ್ಲಗೆ ಕೇಳಿದರು, “ಮ್ಮಾ, ನಿಮಗೆ ಯಾರ ಮೇಲೆ ಇಷ್ಟು ಸಿಟ್ಟು?”

ಇಲ್ಲಿ ಹಾರ್ನ್ ಒತ್ತುವುದೆಂದರೆ ಬೈದ ಹಾಗಂತೆ. ನಮ್ಮಲ್ಲಿ ಅದು ‘ಬಂದೆ, ಸ್ವಲ್ಪ ನೋಡ್ಕೊಳ್ಳಿ’ ಎನ್ನುವ ಸೌಜನ್ಯ ಎಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ. ಇನ್ನೊಮ್ಮೆ ಅಕ್ಟೋಬರಿನಲ್ಲಿ ಹೋಗುತ್ತೇನೆ.

ಗಿರಿಜಾ

*

ಗ್ಯಾಬೊರೋನ್
12 ಅಕ್ಟೋಬರ್ 1997

ಅತ್ತೆಯವರಿಗೆ ನಮಸ್ಕಾರ.

ನಿಮ್ಮಿಂದ ಕಾಗದ ಬಂದಿಲ್ಲ. ಕಣ್ಣಿನ ಕಾರಣವೇ ಇರಬೇಕು ಎಂದುಕೊಂಡಿದ್ದೇನೆ. ಅಕ್ಷತಾ ಪರೀಕ್ಷೆಯ ಗಡಿಬಿಡಿಯಲ್ಲಿರಬಹುದು. ಇಲ್ಲಿ ಬಿಸಿಲು ಏರಿದೆ, ಎಲ್ಲರೂ ಆಕಾಶ ನೋಡಿಕೊಂಡೇ ಮಾತಾಡುತ್ತಾರೆ.

ನಾನು ಮತ್ತೆ ಫೇಲಾದೆ. ಇದನ್ನು ನಿಮಗೆ ಬರೆಯಬೇಕೇ ಬೇಡವೇ ಎಂದು ಯೋಚಿಸಿದೆ. ಬರೆಯದಿದ್ದರೆ ನನಗೇ ಸಮಾಧಾನವಿರುವುದಿಲ್ಲ.

ಈ ಸಲ ಹಾರ್ನನ್ನು ಮುಟ್ಟಲಿಲ್ಲ. ಇಲ್ಲಿ ಸಿಗ್ನಲ್ ಇಲ್ಲದ ಕಡೆ ನಾಲ್ಕು ರಸ್ತೆ ಕೂಡಿದರೆ ನಾಲ್ಕೂ ಬಾಯಿಯಲ್ಲಿ ‘ನಿಲ್ಲಿ’ ಎಂಬ ಬೋರ್ಡು ಇರುತ್ತದೆ. ಪೊಲೀಸ್ ಇಲ್ಲ, ದೀಪ ಇಲ್ಲ. ಎಲ್ಲರೂ ನಿಲ್ಲಬೇಕು. ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೊರಡಬೇಕು, ಆಮೇಲೆ ಎರಡನೆಯವರು. ಲಾರಿಯಾದರೂ ಸರಿ, ಮಂತ್ರಿಯ ಕಾರಾದರೂ ಸರಿ, ಕಾಯುತ್ತದೆ. ಎಷ್ಟು ಚೆನ್ನಾದ ಏರ್ಪಾಡು ಎಂದು ನಾನೇ ಮೆಚ್ಚಿಕೊಂಡಿದ್ದೆ.

ನಾನು ಮೊದಲು ಬಂದು ನಿಂತೆ. ಬಲಗಡೆ ಒಂದು ಕಾರು ಬಂತು. ‘ನೀವು ಹೋಗಿ’ ಎಂದು ಕೈಯಾಡಿಸಿದೆ. ಎದುರಿಗೆ ವ್ಯಾನು ಬಂತು. ಅದಕ್ಕೂ ಹೋಗಿ ಎಂದೆ. ಎಡಗಡೆಯವನು ಗೊಂದಲದಲ್ಲಿ ಅರ್ಧ ಮುಂದೆ ಬಂದು ನನ್ನ ಮುಖ ನೋಡಿದ. ಅವನಿಗೂ ಹೋಗಪ್ಪ ಎಂದೆ. ಅಷ್ಟರಲ್ಲಿ ಬಲಗಡೆ ಮತ್ತೊಂದು ಕಾರು. ನನ್ನ ಹಿಂದೆ ಸಾಲು ಬೆಳೆಯಿತು. ಹಾರ್ನ್ ಒತ್ತದ ಈ ಊರಿನಲ್ಲಿ ಹಿಂದಿನಿಂದ ಒಬ್ಬ ಹಾರ್ನ್ ಒತ್ತಿದ.

ಪರೀಕ್ಷಕರು ಅದೇ ಪರೀಕ್ಷಕರು. ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು.

“ಮ್ಮಾ, ನಿಮ್ಮ ಊರಿನಲ್ಲಿ ಮೊದಲು ಬಂದವರು ಕೊನೆಗೆ ಹೋಗುತ್ತಾರಾ?”

“ಎಲ್ಲರೂ ಅಲ್ಲ” ಅಂದೆ.

“ನೀವು ಮರ್ಯಾದೆ ಕೊಡುತ್ತಿದ್ದೀರಿ ಎಂದು ನನಗೆ ಗೊತ್ತು. ಆದರೆ ನಿಮ್ಮ ಸರದಿಯಲ್ಲಿ ನೀವು ಹೋಗದಿದ್ದರೆ ಉಳಿದವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಅಪಘಾತ ಆಗುವುದೇ ಹಾಗೆ.”

ಮನೆಗೆ ಬಂದು ಅಡುಗೆ ಮಾಡದೆ ಕೂತಿದ್ದೆ. ನನ್ನನ್ನು ಯಾರೂ ತಡೆದಿರಲಿಲ್ಲ, ಅತ್ತೆ. ಮುಂದೆ ದಾರಿ ತೆರೆದಿತ್ತು. ನಿಯಮ ನನ್ನ ಕಡೆಗಿತ್ತು. ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ. ನಾನು ಈ ಹಿಂದೆಯೂ ಎಲ್ಲೆಲ್ಲಿ ಹೀಗೆ ಕೈಯಾಡಿಸಿಕೊಂಡು ನಿಂತಿದ್ದೆ ಎಂದು ಯೋಚಿಸಿದೆ. ಪಟ್ಟಿ ಮಾಡಲು ಹೋಗಲಿಲ್ಲ.

ಹೆಡ್‌ಮಾಸ್ಟರ್ ಡಿಸೆಂಬರಿನ ಮಾತನ್ನು ಮತ್ತೆ ನೆನಪಿಸಿದ್ದಾರೆ. ಇನ್ನೊಬ್ಬ ಅಭ್ಯರ್ಥಿ ಇದ್ದಾರಂತೆ, ಅವರ ಹತ್ತಿರ ಲೈಸೆನ್ಸ್ ಇದೆ. ಇನ್ನು ಒಂದು ಅವಕಾಶ ನನಗೆ.

ಗಿರಿಜಾ

*

ವಿದ್ಯಾರಣ್ಯಪುರಂ, ಮೈಸೂರು
18 ನವೆಂಬರ್ 1997

ಅಮ್ಮಾ, ಅಜ್ಜಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಈ ಸಲ ನಡುವೆ ನನ್ನ ಮಾತೂ ಇರುತ್ತದೆ. ಅಜ್ಜಿಗೆ ಹೇಳಿಲ್ಲ.

ಗಿರಿಜಾ, ಕಾಗ್ದ ಬರೀಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ. ಕಣ್ಣು ಚೆನ್ನಾಗಿದೆ. ಬರೀಲಿಲ್ಲ, ಅಷ್ಟೇ.

ನೀನು ನಾಕು ರಸ್ತೆ ವಿಷ್ಯ ಬರ್ದಿದ್ಯಲ್ಲ, ನಂಗೆ ಅದು ತಲೇಲಿ ಕೂತ್ಬುಟ್ತು. ಅಕ್ಷತಾನ ಕರ್ಕೊಂಡು ಅಗ್ರಹಾರದ ಸರ್ಕಲ್ಗೆ ಹೋದೆ. ತರಕಾರಿ ಚಾಮಯ್ಯ ಇದಾನಲ್ಲ, ಅವನ ಅಂಗ್ಡಿ ಮುಂದೆ ಸ್ಟೂಲ್ ಹಾಕಿಸ್ಕೊಂಡು ಕೂತೆ.

“ಏನವ್ವಾ, ಯಾರ್ನ ಕಾಯ್ತಾ ಇದೀರಿ?” ಅಂದ.

“ಯಾರ್ ಯಾರಿಗೆ ದಾರಿ ಬುಡ್ತಾರೆ ಅಂತ ನೋಡ್ತಾ ಇದೀನಿ ಕಣಯ್ಯ” ಅಂದೆ.

“ಅಂಗಾರೆ ಇಲ್ಲೇ ಮನೆ ಮಾಡ್ಬೇಕಾಯ್ತದೆ ನೀವು” ಅಂದ, ದರಿದ್ರದೋನು.

ಆದ್ರೆ ನಿಜಾನೇ ಹೇಳ್ದ. ಒಬ್ರೂ ಬುಡಲಿಲ್ಲ. ಸೈಕಲ್ನೋನು ಬಸ್ಸಿಗೆ ಬುಡಲ್ಲ, ಬಸ್ನೋನು ಆಟೋಗೆ ಬುಡಲ್ಲ, ಹಸು ಯಾರಿಗೂ ಬುಡಲ್ಲ. ಮುದುಕೀರೂ ಸೀರೆ ಎತ್ತಿ ಹಿಡ್ಕೊಂಡು ನುಗ್ಗೋದೇ. ಹಾಗಾದ್ರೆ ನಮ್ಮ ಗಿರಿಜಾ ಇದನ್ನ ಎಲ್ ಕಲಿತ್ಲು ಅಂತ ಯೋಚ್ನೆ ಮಾಡ್ದೆ. ಮೈಸೂರ್ ರಸ್ತೇಲಿ ಕಲ್ತಿದ್ದಲ್ಲ ಇದು. ಮನೆಗೆ ಬರೋ ದಾರೀಲಿ ಉತ್ರ ಹೊಳೀತು. ಅದು ಕಾಗ್ದದಲ್ಲಿ ಬರ್ಯೋ ಅಂಥದ್ದಲ್ಲ.

(ಅಮ್ಮಾ, ಇಲ್ಲಿ ಅಜ್ಜಿ ಎದ್ದರು. ನಾನು ಪೆನ್ನು ಹಿಡಿದು ಕೂತಿದ್ದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು.)

ಹೂಂ, ಬರಿ. ಗಿರಿಜಾ, ನೀನು ಮೊದ್ಲು ಬಂದಿದ್ರೆ ನೀನೇ ಮೊದ್ಲು ಹೋಗು. ಲಾರಿ ಬರ್ಲಿ, ಮಂತ್ರಿ ಬರ್ಲಿ. ಎದ್ರುಗಡೆಯಿಂದ ನಾನೇ ಬಂದ್ರೂ ನಿಂತ್ಕೋಬೇಡ.

ಸಿದ್ದುಗೆ ಹೇಳು, ಉಪ್ಪಿಟ್ಟು ಮಾಡಕ್ಕೆ ಬರತ್ತೆ ಅಂತ ನಂಗೆ ಗೊತ್ತಾಗಿದೆ ಅಂತ.

ಪಾರ್ವತಮ್ಮ

*

ಗ್ಯಾಬೊರೋನ್
11 ಡಿಸೆಂಬರ್ 1997

ಅತ್ತೆ,

ಪಾಸಾದೆ!

ಪೀಠಿಕೆ ಹಾಕದೆ ಬರೆದೆ, ಕ್ಷಮಿಸಿ. ಈಗ ತಾನೇ ಬಂದು ಕೂತಿದ್ದೇನೆ, ಚಪ್ಪಲಿಯನ್ನೂ ಬಿಟ್ಟಿಲ್ಲ.

ನಿಮ್ಮ ಕಾಗದ ಬಂದ ಮಾರನೆಯ ದಿನದಿಂದ ಮ್ಮಾ-ಲೆಸೆಗೊ ನನ್ನನ್ನು ದಿನಾ ಬೆಳಿಗ್ಗೆ ಆ ನಾಲ್ಕು ರಸ್ತೆಗೆ ಕರೆದುಕೊಂಡು ಹೋದಳು. ಅವಳಿಗೆ ನಿಮ್ಮ ಕಾಗದವನ್ನು ಓದಿ ಅರ್ಥ ಹೇಳಿದ್ದೆ. ಹಸುವಿನ ಮಾತಿಗೆ ಕಣ್ಣೀರು ಬರುವಷ್ಟು ನಕ್ಕಳು. ಕೊನೆಯ ಮಾತಿಗೆ ನಗಲಿಲ್ಲ. “ಅವರು ನಿನ್ನ ಗಂಡನ ತಾಯಿಯಾ?” ಎಂದು ಕೇಳಿದಳು. ಆಮೇಲೆ ತಮ್ಮ ಭಾಷೆಯ ಒಂದು ಮಾತು ಕಲಿಸಿದಳು. ಸರದಿ ಬಂದ ಕೂಡಲೇ ಗಟ್ಟಿಯಾಗಿ ‘ಕೆ ನ್ನಾ’ ಅನ್ನಬೇಕು. ‘ನಾನು’ ಎಂದು ಅರ್ಥ. ಅಂದ ಮೇಲೆ ಹೊರಡದೆ ಇರಲಾಗದು.

ಇವತ್ತು ಆ ಜಾಗಕ್ಕೆ ಬಂದಾಗ ನನ್ನ ಅದೃಷ್ಟಕ್ಕೆ ಮೂರೂ ಕಡೆ ವಾಹನ. ಬಲಗಡೆ ಕಲ್ಲಿದ್ದಲು ತುಂಬಿದ ಲಾರಿ, ನಮ್ಮ ಮನೆಯಷ್ಟು ಎತ್ತರ. ಎದುರಿಗೆ ಬಸ್ಸು. ಎಡಗಡೆ ದೊಡ್ಡ ಕರಿಯ ಕಾರು, ಮುಂದೆ ಬಾವುಟ ಸಿಕ್ಕಿಸಿದ್ದು. ಮಂತ್ರಿಯೋ ರಾಯಭಾರಿಯೋ ಇರಬೇಕು. ಎಲ್ಲರಿಗಿಂತ ಮೊದಲು ನಿಂತವಳು ನಾನು. ಬಲಗೈ ಸ್ಟೀರಿಂಗ್ ಬಿಟ್ಟು ಏಳುತ್ತಿತ್ತು, ‘ಹೋಗಿ’ ಅನ್ನುವುದಕ್ಕೆ. ಅದನ್ನು ಎಡಗೈಯಿಂದ ಹಿಡಿದು ಕೆಳಗಿಳಿಸಿದೆ. ನಿಜವಾಗಿ ಹಿಡಿದೆ, ಬರೆಯುವ ಅಂದಕ್ಕೆ ಹೇಳುತ್ತಿಲ್ಲ. “ಕೆ ನ್ನಾ” ಅಂದೆ. ಅಂದದ್ದು ಕೂಗಿನ ಹಾಗೆ ಬಂತು. ಪರೀಕ್ಷಕರು ಬೆಚ್ಚಿದರು. ನಾನು ಹೊರಟೆ. ಲಾರಿ ನಿಂತಿತ್ತು, ಬಸ್ಸು ನಿಂತಿತ್ತು, ಬಾವುಟದ ಕಾರು ನಿಂತಿತ್ತು. ಮಧ್ಯೆ ನಮ್ಮ ಹಳೆಯ ಟೊಯೊಟಾ ಮೆರವಣಿಗೆಯ ಹಾಗೆ ದಾಟಿತು.

ಆಚೆ ಬದಿ ಸೇರಿದ ಮೇಲೆ ಪರೀಕ್ಷಕರು ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು.

“ಇವತ್ತು ಯಾರ ಮೇಲೂ ಸಿಟ್ಟಿಲ್ಲ” ಅಂದರು.

“ಇಲ್ಲ.”

“ಯಾರ ಹೆದರಿಕೆಯೂ ಇಲ್ಲ.”

“ಸ್ವಲ್ಪ ಇದೆ” ಅಂದೆ.

“ಅದು ಇರಲಿ. ಇದ್ದರೆ ಒಳ್ಳೆಯದು” ಎಂದು ರುಜು ಹಾಕಿದರು.

ಹೊರಗೆ ಕಾಯುತ್ತಿದ್ದ ಮ್ಮಾ-ಲೆಸೆಗೊಗೆ ಹೇಳಿದೆ. ಅವಳು ನರ್ಸಿನ ಬಿಳಿ ಯೂನಿಫಾರಮ್ಮಿನಲ್ಲೇ, ಆ ಕಚೇರಿಯ ಅಂಗಳದಲ್ಲೇ, ಬಾಯಿ ತೆರೆದು ನಾಲಿಗೆ ಹೊರಳಿಸಿ ಕೂಗಿದಳು. ಸಾಲಿನಲ್ಲಿ ನಿಂತಿದ್ದ, ನನ್ನ ಗುರುತೇ ಇಲ್ಲದ ಹೆಂಗಸರೆಲ್ಲ ಸೇರಿಕೊಂಡರು. ಬೋರ್‌ವೆಲ್ಲಿನ ಹತ್ತಿರ ಕೇಳಿದ ಅದೇ ಕೂಗು, ಅತ್ತೆ, ಇವತ್ತು ನನಗಾಗಿ.

ಬರುವ ದಾರಿಯಲ್ಲಿ ಇವರ ಆಫೀಸಿಗೆ ಹೋದೆ, ಇವರು ಕ್ಯಾಂಪಿನಿಂದ ವೈರ್‌ಲೆಸ್ ರೇಡಿಯೋದಲ್ಲಿ ಮಾತಾಡಿದರು. “ಇನ್ನು ಮೇಲೆ ನನ್ನನ್ನೂ ಕೂರಿಸಿಕೊಂಡು ಹೋಗ್ತೀಯಾ ಮೇಡಂ?” ಅಂದರು. ನೋಡೋಣ, ಸೀಟ್ ಇದ್ದರೆ ಎಂದೆ.

ನಿಮ್ಮ ಕಾಗದವನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗಿದ್ದೆ.

ನಿಮ್ಮ
ಗಿರಿಜಾ

*

ಗ್ಯಾಬೊರೋನ್
25 ಜನವರಿ 1998

ಅತ್ತೆಯವರಿಗೆ ನಮಸ್ಕಾರ.

ಶಾಲೆ ಶುರುವಾಗಿ ಎರಡು ವಾರ. ಕತ್ತಲು ಹರಿಯುವ ಮೊದಲು ಹೊರಡುತ್ತೇನೆ. ರಸ್ತೆಯಲ್ಲಿ ದನಗಳು ಮಲಗಿರುತ್ತವೆ, ಬೆಚ್ಚಗಿರುತ್ತದೆಂದು. ಮೆಲ್ಲಗೆ ಬಳಸಿಕೊಂಡು ಹೋಗುತ್ತೇನೆ. ಮಳೆ ಚೆನ್ನಾಗಿ ಬಂದಿದೆ, ಒಣಗಿದ್ದ ನೆಲವೆಲ್ಲ ಹಸಿರು.

ಮೊದಲ ದಿನ ಬೋರ್ಡಿನ ಮೇಲೆ ಸೀಮೆಸುಣ್ಣ ಇಟ್ಟು ನಿಂತೆ. ನಲವತ್ತು ಜೊತೆ ಕಣ್ಣು ನನ್ನ ಬೆನ್ನ ಮೇಲೆ. ನನಗೆ ಏನಾದರೂ ನೆನಪಿದೆಯೇ, ನೆನಪಿದ್ದದ್ದು ಸಾಕೇ, ಇಷ್ಟು ತಡವಾಗಿ ಬಂದವಳನ್ನು ಈ ಮಕ್ಕಳು ಯಾಕೆ ಸಹಿಸಬೇಕು ಎಂದೆಲ್ಲ ಅನ್ನಿಸಿತು. ತ್ರಿಕೋನ ಬರೆದೆ. ಅದರ ಮೂರು ಕೋನಗಳನ್ನು ಕಾಗದದಲ್ಲಿ ಹರಿದು ಸೇರಿಸಿ ತೋರಿಸಿದೆ, ಸರಳರೇಖೆಯಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಇನ್ನೊಂದು ತ್ರಿಕೋನದಲ್ಲಿ ಆಗಲಿಕ್ಕಿಲ್ಲ” ಎಂದು ಸವಾಲು ಹಾಕಿದಳು. ಆಮೇಲೆ ಇಡೀ ತರಗತಿ ಕಾಗದ ಹರಿಯಿತು. ಗಂಟೆ ಬಾರಿಸಿದ್ದು ನಮಗೆ ಕೇಳಿಸಲೇ ಇಲ್ಲ, ಪಕ್ಕದ ತರಗತಿಯವರು ಬಂದು ಬೈದರು.

ಬುಧವಾರ ಗುರುವಾರ ಮಧ್ಯಾಹ್ನದ ಅಡುಗೆ ಇವರದು, ಊರಿನಲ್ಲಿದ್ದರೆ. ಇದನ್ನು ನಿಮಗೆ ಹೇಳಬಾರದೆಂದು ಇವರು ಹೇಳಿದ್ದಾರೆ.

ಗಿರಿಜಾ

*

ಮೈಸೂರು
2 ಮಾರ್ಚ್ 1998

ಚಿ. ಗಿರಿಜಾಗೆ,

ಇದು ನನ್ನ ಸ್ವಂತ ಕೈಬರಹ. ಅಕ್ಷರ ದಪ್ಪಗಿದ್ದರೆ ಬೈಕೋಬೇಡ. ಈಗ ಪೇಪರೂ ನಾನೇ ಓದುತ್ತೇನೆ.

ನಿಮ್ಮನ್ನು ನೋಡಲು ಬರಬೇಕೆಂದು ಇದ್ದೇನೆ. ಶಾಲೆಗೆ ರಜ ಯಾವಾಗ ಎಂದು ತಿಳಿಸು, ಆವಾಗಲೇ ಬರುತ್ತೇನೆ, ನಿನ್ನ ಪಾಠ ಕೆಡಬಾರದು. ರುದ್ರು ಬೊಂಬಾಯಿವರೆಗೆ ಬಂದು ವಿಮಾನ ಹತ್ತಿಸುತ್ತಾನಂತೆ. ಒಬ್ಬಳೇ ಹೇಗೆ ಹೋಗ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಸುಮ್ಮನೆ ಕೂತಿರೋದು ತಾನೇ, ಓಡಿಸೋ ಕೆಲಸ ನನ್ನದಲ್ಲವಲ್ಲ ಅಂದೆ.

ವಿಮಾನದ ಹತ್ತಿರಕ್ಕೆ ನೀನೇ ಕಾರು ತರಬೇಕು.

ಅತ್ತೆ

*

ವಿಕ್ಟೋರಿಯಾ ಜಲಪಾತ, ಜಿಂಬಾಬ್ವೆ
14 ಆಗಸ್ಟ್ 1998

ಮಗಳೇ ಅಕ್ಷತಾ,

ಅಜ್ಜಿ ಪಕ್ಕದಲ್ಲಿ ಒದ್ದೆ ಸೀರೆ ಹಿಂಡುತ್ತ ಕೂತಿದ್ದಾರೆ. ಜಲಪಾತದ ತುಂತುರಿಗೆ ರೈನ್‌ಕೋಟು ಹಾಕಿಕೊಳ್ಳಲು ಒಪ್ಪಲಿಲ್ಲ. “ತೀರ್ಥ ಮೈಮೇಲೆ ಬೀಳೋವಾಗ ಯಾರಾದ್ರೂ ಪ್ಲಾಸ್ಟಿಕ್ ಹೊದ್ಕೋತಾರಾ?” ಅಂದರು. ನಮ್ಮ ಗಗನಚುಕ್ಕಿಗೆ ಇದು ದೊಡ್ಡಕ್ಕ ಆಗಬೇಕು ಎಂದು ತೀರ್ಮಾನ ಮಾಡಿದ್ದಾರೆ.

ಗ್ಯಾಬೊರೋನಿನಿಂದ ಇಲ್ಲಿಗೆ ಸಾವಿರ ಕಿಲೋಮೀಟರ್. ಪೂರ್ತಿ ದಾರಿ ನಾನೇ ಓಡಿಸಿದೆ. ಹೊರಡುವಾಗ ಅಪ್ಪ ಅಭ್ಯಾಸಬಲದಿಂದ ಮುಂದಿನ ಸೀಟಿನಲ್ಲಿ ಕೂತರು. ಅಜ್ಜಿ ಬಾಗಿಲು ತೆರೆದು, “ಇಳಿಯೋ ಸಿದ್ದು, ಹಿಂದೆ ಕೂತ್ಕೋ. ನಾನು ಇಷ್ಟ್ ದೂರ ಬಂದಿರೋದು ಕಿಟ್ಕಿ ನೋಡಕ್ಕಲ್ಲ, ಅವಳು ಓಡ್ಸೋದ್ ನೋಡಕ್ಕೆ” ಅಂದರು. ಫ್ರಾನ್ಸಿಸ್‌ಟೌನಿನಲ್ಲಿ ನಾಲ್ಕು ರಸ್ತೆ ಬಂತು. ಹಿಂದಿನಿಂದ ಅಪ್ಪ, “ನೋಡ್ಕೊಂಡು, ನೋಡ್ಕೊಂಡು” ಅಂದರು. “ಬಾಯ್ಮುಚ್ಕೊಂಡ್ ಕೂತ್ಕೊಳೋ, ಅವಳಿಗೆ ಗೊತ್ತು” ಎಂದರು ಅಜ್ಜಿ. ಅಪ್ಪ ಆಮೇಲೆ ನಿದ್ದೆ ಮಾಡಿದರು. ಅಥವಾ ನಿದ್ದೆಯ ನಾಟಕ ಮಾಡಿದರು.

ಅದಾದ ಮೇಲೆ ರಸ್ತೆ ನೇರ, ಗಂಟೆಗಟ್ಟಲೆ ಒಂದು ತಿರುವೂ ಇಲ್ಲ. ಮಾತು ಮುಗಿದಿತ್ತು. ಅಜ್ಜಿ ಇದ್ದಕ್ಕಿದ್ದ ಹಾಗೆ ಕೇಳಿದರು, “ಗಿರಿಜಾ, ನಮ್ಮನೆಯಿಂದ ನಂಜನಗೂಡು ಎಷ್ಟು ದೂರ ಆಗತ್ತೆ?”

“ಇಪ್ಪತ್ತು ಕಿಲೋಮೀಟರ್ ಚಿಲ್ಲರೆ.”

“ಅಷ್ಟೇನಾ” ಅಂದರು.

ಆಮೇಲೆ ಬಹಳ ದೂರದವರೆಗೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ನಾನು ರಸ್ತೆ ನೋಡುತ್ತ ಓಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ನನ್ನ ಬಾಯಿಗೆ ಇಡುತ್ತ ಬಂದರು, ನನ್ನ ಕೈ ಸ್ಟೀರಿಂಗಿನ ಮೇಲಿತ್ತಲ್ಲ, ಅದಕ್ಕೆ.

ನಾಟಾ ಎಂಬ ಊರು ದಾಟಿದ ಮೇಲೆ ಆನೆಗಳು. ರಸ್ತೆಯ ನಡುವೆ ಒಂದು ಹಿಂಡು, ಮರಿಗಳೂ ಇದ್ದವು. ಎಂಜಿನ್ ನಿಲ್ಲಿಸಿ ಕಾದೆ. ದೊಡ್ಡ ಹೆಣ್ಣಾನೆ ಕಿವಿ ಬಿಚ್ಚಿ ನಮ್ಮನ್ನೇ ನೋಡಿತು. ದಸರಾ ಆನೆಗಳನ್ನು ಇಷ್ಟು ವರ್ಷ ನೋಡಿದ ಅಜ್ಜಿ ಪಿಸುಗುಟ್ಟಿದರು, “ಇದಕ್ಕೆ ಮಾವುತ ಎಲ್ಲೇ?” ಇಲ್ಲ ಅಂದೆ. “ಹಂಗಾದ್ರೆ ಇದು ತಾನೇ ಯಜಮಾನಿ” ಎಂದು ಕೂತಲ್ಲಿಂದಲೇ ಕೈ ಮುಗಿದರು.

ಇವತ್ತು ಮಧ್ಯಾಹ್ನ ಜಲಪಾತ ನೋಡಿ ಹೊರಗೆ ಬಂದೆವು. ಅಲ್ಲಿ ಹೆಂಗಸರು ಕಲ್ಲಿನ ಬೊಂಬೆ, ಹುಲ್ಲಿನ ಬುಟ್ಟಿ ಹರವಿಕೊಂಡು ಸಾಲಾಗಿ ಕೂತಿರುತ್ತಾರೆ. ನಿನಗೆಂದು ಒಂದು ಬುಟ್ಟಿ ಆರಿಸಿದೆವು. ಬುಟ್ಟಿಯವಳು ನನ್ನ ಕಡೆ ಕೈ ತೋರಿಸಿ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು, ಮಗಳಾ ಎಂದು. ಅಜ್ಜಿಗೆ ಪ್ರಶ್ನೆ ಅರ್ಥವಾಯಿತು. ಸೆರಗು ಸರಿಮಾಡಿಕೊಂಡು ಅಚ್ಚ ಮೈಸೂರು ಕನ್ನಡದಲ್ಲಿ ಉತ್ತರ ಕೊಟ್ಟರು:

“ನಮ್ ಸೊಸೆ ಕಣಮ್ಮ. ಸ್ಕೂಲಲ್ಲಿ ಮೇಡಮ್ಮು, ಲೆಕ್ಕದ ಮೇಡಮ್ಮು. ಇಲ್ಲೀತನಕ ಅವಳೇ ಓಡಿಸ್ಕೊಂಡ್ ಬಂದ್ಳು.”

ಆಕೆಗೆ ಒಂದು ಮಾತೂ ತಿಳಿದಿರಲಾರದು. ಆದರೂ ತಲೆದೂಗಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿ ಚಪ್ಪಾಳೆ ತಟ್ಟಿದಳು. ನಾನು ನೆಲ ನೋಡುತ್ತ ನಿಂತಿದ್ದೆ. ಕಾರಿನ ಕಡೆ ಹೊರಟೆವು. ಅಜ್ಜಿ ನಡುದಾರಿಯಲ್ಲಿ ನಿಂತು, ನನ್ನ ಕೈ ಹಿಡಿದು, ಪಕ್ಕದ ಬುಟ್ಟಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ನಮಗೆ ಏನೂ ಬೇಕಿರಲಿಲ್ಲ. ಆ ಅಂಗಡಿಯವಳು ಏನೂ ಕೇಳಿಯೂ ಇರಲಿಲ್ಲ. ಅಜ್ಜಿ ಮೊದಲಿನಿಂದ ಶುರು ಮಾಡಿದರು.

ನಿನ್ನ
ಅಮ್ಮ